ನೆನಪು ತಲೆಯೊಳಗೇ ಇರಬೇಕೆ?

ದೇಶದ ರಸ್ತೆಗಳಲ್ಲಿ 2022ನೇ ಇಸವಿಯೊಂದರಲ್ಲೇ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಸತ್ತವರ ಸಂಖ್ಯೆ ಪತ್ರಿಕೆಯ ತಲೆಬರಹಕ್ಕೆ ಬರುತ್ತದೆ. ತಲೆಗೆ ಪೆಟ್ಟು ಬಿದ್ದು ಬದುಕುಳಿದವರು ಮನೆಗೆ ಹೋದ ಮೇಲೆ ಏನಾದರು ಎನ್ನುವುದು ಒಳಪುಟಕ್ಕೂ ಬರುವುದಿಲ್ಲ. ಹೊಲಿಗೆ ಬಿಚ್ಚಿರುತ್ತದೆ, ಬೋಳಿಸಿದ ತಲೆಯಲ್ಲಿ ಕೂದಲು ಬಂದಿರುತ್ತದೆ, ನಡಿಗೆ ನೆಟ್ಟಗಾಗಿರುತ್ತದೆ. ನೋಡಲು ಬಂದವರು ‘ದೇವರು ದೊಡ್ಡವನು, ಹುಷಾರಾಗಿಬಿಟ್ಟ’ ಎಂದು ಕಾಫಿ ಕುಡಿದು ಹೋಗುತ್ತಾರೆ. ಅವರು ಗೇಟು ದಾಟಿದ ಅರ್ಧ ಗಂಟೆಗೆ, ಬಂದಿದ್ದವರು ಯಾರು ಎಂದು ಆ ಹುಷಾರಾದವನೇ ಕೇಳುತ್ತಾನೆ. ಬೆಳಗಿನ ಮಾತ್ರೆ ನುಂಗಿದ್ದು ಮರೆತು ಇನ್ನೊಂದು ನುಂಗುತ್ತಾನೆ. ಹೈಸ್ಕೂಲಿನ ಹೆಡ್‌ಮಾಸ್ಟರ ಹೆಸರು, ಹಳೆಯ ಸಿನಿಮಾ ಹಾಡು, ಊರಿನ ಬಸ್ಸಿನ ವೇಳೆ ಎಲ್ಲವೂ ಬಾಯಿತುದಿಯಲ್ಲಿರುತ್ತವೆ, ನಿನ್ನೆಯ ದಿನ ಮಾತ್ರ ಇರುವುದಿಲ್ಲ. ಬೇಕಾದ್ದು ನೆನಪಿರುತ್ತೆ, ಬೇಡದ್ದು ಮರೆಯುತ್ತೆ ಎಂದು ಮನೆಯವರು ಒಳಗೊಳಗೇ ಗೊಣಗುತ್ತಾರೆ.

ಇಂಥವರಿಗೆ ಮುಂದೇನು ಎನ್ನುವಲ್ಲಿ ಎರಡು ಪಕ್ಷಗಳಿವೆ. ಕಳೆದುಹೋದ ನೆನಪನ್ನು ಕಷ್ಟಪಟ್ಟು ಮರಳಿ ತರಿಸಬೇಕು ಎನ್ನುವುದು ಒಂದು. ನೆನಪಿನ ಕೆಲಸವನ್ನು ಕಾಗದಕ್ಕೆ, ಫೋನಿಗೆ, ಮನೆಯ ವ್ಯವಸ್ಥೆಗೆ ಒಪ್ಪಿಸಿ ಬದುಕನ್ನು ಮುಂದಕ್ಕೆ ನಡೆಸಬೇಕು ಎನ್ನುವುದು ಇನ್ನೊಂದು. ಈ ಬರಹದ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲ ಪಕ್ಷವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಮರ್ಯಾದೆಯ ಪ್ರಶ್ನೆಯಿದೆ, ಅನುಭವವಿದೆ, ಅಲ್ಲಲ್ಲಿ ವಿಜ್ಞಾನವೂ ಇದೆ. ಅದನ್ನು ಹಿಡಿದು ವಾದಿಸಲು ಇಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಮಕ್ಕಳಿಗೆ ಮಗ್ಗಿ, ಪದ್ಯ ಬಾಯಿಪಾಠ ಮಾಡಿಸಿಯೇ ಸರ್ವಿಸ್ ಮುಗಿಸಿದವರು. ಎದುರಿಗೆ ಆಸ್ಪತ್ರೆಯ ಪುನಶ್ಚೇತನ ವಿಭಾಗದಲ್ಲಿ ಕೆಲಸ ಮಾಡುವ ತರುಣಿ. ಇಬ್ಬರೂ ಕಲ್ಪಿತರು.

ಮೇಷ್ಟ್ರು: ನೋಡಮ್ಮ, ನನ್ನ ಅನುಮಾನ ಸರಳ. ತಲೆಗೆ ಪೆಟ್ಟು ಬಿದ್ದ ಹುಡುಗನ ಕೈಗೆ ನೀವು ಒಂದು ನೋಟ್‌ಬುಕ್ ಕೊಡ್ತೀರಿ, ಮೊಬೈಲಲ್ಲಿ ದಿನಕ್ಕೆ ಹತ್ತು ಅಲಾರಂ ಇಡ್ತೀರಿ, ಇನ್ಮೇಲೆ ಇದೇ ನಿನ್ನ ನೆನಪು ಅಂತೀರಿ. ಕಾಲು ಮುರಿದವನಿಗೆ ಊರುಗೋಲು ಕೊಡೋದು ಸರಿ. ಆದ್ರೆ ಅದನ್ನ ಕಿತ್ತುಕೊಳ್ಳೋ ದಿನಾನೂ ಬರಬೇಕು, ಇಲ್ಲದಿದ್ರೆ ಕಾಲು ಸೊರಗಿ ಹೋಗುತ್ತೆ. ನೆನಪೂ ಹಾಗೇ ಅಲ್ವಾ? ಬಳಸದೆ ಬಿಟ್ಟರೆ ಉಳಿದದ್ದೂ ಹೋಗುತ್ತೆ. ಕೂರಿಸಿ, ದಿನಾ ಹತ್ತು ಪದ ಕಲಿಸಿ, ಮಾರನೇ ದಿನ ಒಪ್ಪಿಸು ಅನ್ನಿ. ಮಕ್ಕಳಿಗೆ ನಾವು ಮಾಡಿದ್ದು ಅದನ್ನೇ.

ತರುಣಿ: ಸರ್, ಕಾಲಿನ ಸ್ನಾಯುವಿಗೆ ನೀವು ಹೇಳಿದ್ದು ಸರಿ. ಮೆದುಳಿನಲ್ಲಿ ನೆನಪು ಅಂತ ಒಂದೇ ಸ್ನಾಯು ಇಲ್ಲ, ತೊಂದರೆ ಇರೋದೇ ಅಲ್ಲಿ. ತಲೆಬುರುಡೆಯ ಒಳಗೆ ಮುಂಭಾಗದ ತಳ ಒರಟು. ಪೆಟ್ಟು ಬಿದ್ದಾಗ ಮೆದುಳು ಆ ಮೂಳೆಯ ಏಣುಗಳಿಗೆ ಉಜ್ಜುತ್ತೆ. ಹಾಗಾಗಿ ಹಣೆಯ ಹಿಂದಿನ ಭಾಗ, ಕಿವಿಯ ಪಕ್ಕದ ಭಾಗ ಹೆಚ್ಚು ಏಟು ತಿನ್ನುತ್ತೆ. ಕಿವಿಯ ಪಕ್ಕ ಆಳದಲ್ಲಿರೋ ಹಿಪ್ಪೋಕ್ಯಾಂಪಸ್ ಹೊಸ ಅನುಭವವನ್ನ ನೆನಪಾಗಿ ಕಟ್ಟೋಕೆ ಬೇಕೇ ಬೇಕು. ಅದಕ್ಕೆ ಏಟಾದ್ರೆ ಹಳೇದು ಉಳಿಯುತ್ತೆ, ಹೊಸದು ನಿಲ್ಲಲ್ಲ. ಹೊಸ ನೆನಪು ಮೊದಲು ಅಳಿಯುತ್ತೆ, ಹಳೇದು ಗಟ್ಟಿಯಾಗಿ ನಿಲ್ಲುತ್ತೆ ಅಂತ ಫ್ರಾನ್ಸಿನ ರಿಬೋ 1881ರಲ್ಲೇ ಬರೆದಿದ್ದ. ಹೈಸ್ಕೂಲು ನೆನಪಿರೋನಿಗೆ ನಿನ್ನೆ ನೆನಪಿಲ್ಲ ಅಂದ್ರೆ ಅದು ನಾಟಕ ಅಲ್ಲ, ಗಾಯದ ಲಕ್ಷಣ.

ಮೇಷ್ಟ್ರು: ಸರಿ, ನಾಟಕ ಅಲ್ಲ, ಒಪ್ಪಿದೆ. ಏಟು ತಿಂದ ಭಾಗಕ್ಕೆ ವ್ಯಾಯಾಮ ಕೊಟ್ಟರೆ ಸರಿಹೋಗಲ್ಲ ಅಂತ ಹೇಗೆ ಹೇಳ್ತೀ?

ತರುಣಿ: ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದ್ರೆ ಆ ಪಟ್ಟಿ ಸ್ವಲ್ಪ ಚೆನ್ನಾಗಿ ಬರುತ್ತೆ. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸೋ ಆಟ ಆಡಿಸಿದ್ರೆ ಆಟ ಚೆನ್ನಾಗಿ ಬರುತ್ತೆ. ಆದ್ರೆ ಅಡುಗೆಮನೆಯ ಗ್ಯಾಸ್ ಆಫ್ ಮಾಡೋದು ಅದರಿಂದ ನೆನಪಾಗಲ್ಲ. ಈ ದಾಟುವಿಕೆ ಆಗಲ್ಲ ಅನ್ನೋದು ಮತ್ತೆ ಮತ್ತೆ ಕಂಡಿರೋದು. ಇನ್ನೊಂದು ವಿಷಯ ಕೇಳಿ. ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋರಿಗೆ 1953ರಲ್ಲಿ, ಫಿಟ್ಸ್ ನಿಲ್ಲಿಸೋಕೆ ಅಂತ, ಎರಡೂ ಕಡೆಯ ಹಿಪ್ಪೋಕ್ಯಾಂಪಸ್‌ನ ಬಹುಭಾಗ ತೆಗೆದುಬಿಟ್ಟರು. ಆಗ ಅವರಿಗೆ 27 ವರ್ಷ. ಆಮೇಲೆ 2008ರಲ್ಲಿ ತೀರಿಕೊಳ್ಳೋವರೆಗೂ ಹೊಸ ಘಟನೆ ಒಂದೂ ತಲೆಯಲ್ಲಿ ನಿಲ್ಲಲಿಲ್ಲ ಅಂತಾನೇ ಹೇಳಬಹುದು. ಅವರನ್ನ ದಶಕಗಟ್ಟಲೆ ಪರೀಕ್ಷಿಸಿದರು. ಆ ಪರೀಕ್ಷೆಯ ಅಭ್ಯಾಸದಿಂದ ನೆನಪು ಮರಳಲಿಲ್ಲ. ಆದ್ರೆ ಕನ್ನಡಿಯಲ್ಲಿ ನೋಡ್ತಾ ನಕ್ಷತ್ರದ ಗೆರೆ ತಿದ್ದೋ ಕೆಲಸವನ್ನ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೂರು ದಿನ ಮಾಡಿಸಿದಾಗ ಅವರ ಕೈ ದಿನದಿನಕ್ಕೆ ಪಳಗಿತು. ಪ್ರತಿ ದಿನವೂ, ಇದನ್ನ ಹಿಂದೆ ಮಾಡಿದ ನೆನಪೇ ಇಲ್ಲ ಅಂತಿದ್ರು. ಕೈ ಕಲಿತಿದ್ದು ಅವರಿಗೇ ಗೊತ್ತಿಲ್ಲ. ಅಂದ್ರೆ ಘಟನೆಯ ನೆನಪು ಹೋದ್ರೂ ಅಭ್ಯಾಸದ ಬಾಗಿಲು ತೆರೆದಿರಬಹುದು. ನಾವು ಆ ಬಾಗಿಲಿನಿಂದ ಒಳಗೆ ಹೋಗೋಣ ಅಂತೀವಿ.

ಮೇಷ್ಟ್ರು: ನೀನು ಅಮೆರಿಕಕ್ಕೆ ಹೋದೆ, ನಾನು ಇಲ್ಲೇ ಇರ್ತೀನಿ. ನಮ್ಮಲ್ಲಿ ಶತಾವಧಾನಿ ಗಣೇಶರಂಥವರು ಪೃಚ್ಛಕರಿಗೆಲ್ಲ ಸುತ್ತಿಗೊಂದು ಸಾಲಿನಂತೆ ಪದ್ಯ ಕಟ್ಟಿಕೊಡ್ತಾ ಹೋಗಿ, ಕೊನೆಗೆ ಧಾರಣದಲ್ಲಿ ಇಡೀ ಪದ್ಯಗಳನ್ನ ನೆನಪಿನಿಂದಲೇ ಒಪ್ಪಿಸ್ತಾರೆ. ವೇದ ಕಲಿತವರು ಒಂದೇ ವಾಕ್ಯದ ಪದಗಳನ್ನ ಹಿಂದು ಮುಂದು ಮಾಡಿ ಜಟೆ, ಘನ ಅಂತ ಹೇಳ್ತಾರೆ. ಒಂದು ಚೀಟಿ ಇಲ್ಲ, ಪುಸ್ತಕ ಇಲ್ಲ. ನೆನಪನ್ನ ಹದ ಮಾಡೋ ವಿದ್ಯೆ ನಮ್ಮಲ್ಲೇ ಇರುವಾಗ ಅಲಾರಂ ಯಾಕೆ?

ತರುಣಿ: ಅವಧಾನಿಗಳ ಮೆದುಳು ಗಾಯಗೊಂಡದ್ದಲ್ಲ, ಅದು ಮೊದಲನೇ ಮಾತು. ಎರಡನೇದು, ನೀವು ತಂದ ಸಾಕ್ಷಿಯಲ್ಲೇ ನನಗೊಂದು ಸಾಕ್ಷಿ ಇದೆ. ವೇದಪಾಠ ಹೇಗೆ ಶುರುವಾಗುತ್ತೆ ಹೇಳಿ. ಗುರು ಒಂದು ಸಲ ಹೇಳ್ತಾರೆ, ಶಿಷ್ಯ ಅದನ್ನೇ ಎರಡು ಸಲ ಹೇಳ್ತಾನೆ. ‘ಮುಂದಿನ ಪದ ಏನಿರಬಹುದು, ಊಹಿಸು’ ಅಂತ ಯಾವ ಗುರುವೂ ಕೇಳಲ್ಲ. ತಪ್ಪು ನಾಲಿಗೆಗೆ ಬರೋದಕ್ಕೇ ಬಿಡಲ್ಲ. 1994ರಲ್ಲಿ ಇಂಗ್ಲೆಂಡಿನ ಅಲನ್ ಬ್ಯಾಡ್ಲಿ, ಬಾರ್ಬರಾ ವಿಲ್ಸನ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ತೀವ್ರ ಮರೆವಿನ ರೋಗಿಗಳಿಗೆ ಪದಗಳನ್ನ ಎರಡು ರೀತಿ ಕಲಿಸಿದರು. ಒಂದರಲ್ಲಿ ಮೊದಲ ಎರಡು ಅಕ್ಷರ ಕೊಟ್ಟು ಊಹೆ ಮಾಡಿಸಿ, ಆಮೇಲೆ ತಿದ್ದೋದು. ಇನ್ನೊಂದರಲ್ಲಿ ಸರಿಯುತ್ತರವನ್ನೇ ಹೇಳಿ ಬರೆಸೋದು. ಊಹಿಸೋಕೆ ಬಿಡದೆ ಕಲಿಸಿದ್ದು ಚೆನ್ನಾಗಿ ನಿಂತಿತು. ಕಾರಣ ಇಷ್ಟೇ: ನಾವು ನೀವು ತಪ್ಪಿದ್ದನ್ನ ನೆನಪಿಟ್ಟುಕೊಂಡು ಮುಂದಿನ ಸಲ ತಿದ್ದಿಕೊಳ್ತೀವಿ. ತಪ್ಪಿದ್ದೇ ನೆನಪಿಲ್ಲದವನಿಗೆ ಆ ತಪ್ಪು ಉತ್ತರವೇ ಅಭ್ಯಾಸವಾಗಿ ಕೂರುತ್ತೆ.

ಈ ಪ್ರಯೋಗದ ತಿರುಳನ್ನು ನಮ್ಮ ಆಸ್ಪತ್ರೆಗಳ ವಾರ್ಡಿಗೆ ತಂದು ನೋಡಬೇಕು. ರೋಗಿಯನ್ನು ಕಾಣಲು ಬಂದ ನೆಂಟರು ಹಾಸಿಗೆಯ ಪಕ್ಕ ನಿಂತು ಕೇಳುವ ಮೊದಲ ಪ್ರಶ್ನೆ, ‘ನಾನ್ಯಾರು ಹೇಳು ನೋಡೋಣ?’ ಎಂಬುದು. ಕೇಳುವವರದು ಪ್ರೀತಿ, ಸಂದೇಹವಿಲ್ಲ. ಗುರುತು ಸಿಕ್ಕಿತೆಂದರೆ ಅವರಿಗೆ ಸಮಾಧಾನ, ಸಿಗದಿದ್ದರೆ ಕಣ್ಣೀರು. ರೋಗಿಯ ಕಡೆಯಿಂದ ನೋಡಿದರೆ ಅದು ದಿನಕ್ಕೆ ಹತ್ತಾರು ಬಾರಿ ನಡೆಯುವ, ಫೇಲಾಗಲೆಂದೇ ಇಟ್ಟಂಥ ಪರೀಕ್ಷೆ. ಚಿಕ್ಕಪ್ಪನನ್ನು ಮಾವ ಎನ್ನುತ್ತಾನೆ, ಎಲ್ಲರೂ ನಗುತ್ತಾರೆ ಅಥವಾ ಬಿಕ್ಕುತ್ತಾರೆ, ಆ ಗದ್ದಲದಲ್ಲಿ ‘ಮಾವ’ ಎನ್ನುವುದೇ ಇನ್ನಷ್ಟು ಗಟ್ಟಿಯಾಗುತ್ತದೆ. ಹಣೆಯ ಹಿಂದಿನ ಭಾಗಕ್ಕೆ ಏಟಾದ ಕೆಲವರು ಖಾಲಿ ಜಾಗವನ್ನು ತಮಗರಿವಿಲ್ಲದೆ ಕಟ್ಟುಕಥೆಯಿಂದ ತುಂಬುತ್ತಾರೆ. ನಿನ್ನೆ ಎಲ್ಲಿದ್ದೆ ಎಂದರೆ ಜಾತ್ರೆಗೆ ಹೋಗಿದ್ದೆ ಎನ್ನಬಹುದು. ಅದು ಸುಳ್ಳಲ್ಲ, ಹೇಳುವವನು ಅದನ್ನು ನಂಬಿರುತ್ತಾನೆ. ‘ನಾನು ನಿನ್ನ ಚಿಕ್ಕಪ್ಪ, ತುಮಕೂರಿನಿಂದ ಬಂದೆ, ಇವತ್ತು ಗುರುವಾರ’ ಎಂದು ತಾವೇ ಹೇಳಿ ಕೂತರೆ ಪ್ರೀತಿಗೇನೂ ಕಡಿಮೆಯಾಗುವುದಿಲ್ಲ. ಅಪಘಾತದ ನಂತರದ ಮೊದಲ ದಿನ, ವಾರಗಳಲ್ಲಿ ಸ್ಥಳ, ಕಾಲ ಎರಡೂ ತಿಳಿಯದ ಗೊಂದಲದ ಅವಸ್ಥೆಯೊಂದು ಬರುತ್ತದೆ. ಅದು ಕಳೆಯುವ ತನಕ ಯಾವ ನೆನಪಿನ ಕಸರತ್ತೂ ಬೇಡ. ಆ ಅವಸ್ಥೆ ಎಷ್ಟು ದಿನ ಎಳೆಯಿತು ಎನ್ನುವುದನ್ನೇ ವೈದ್ಯರು ಗಾಯದ ತೀವ್ರತೆಯ ಒಂದು ಅಳತೆಯಾಗಿ ನೋಡುತ್ತಾರೆ.

ಮೇಷ್ಟ್ರು: ಈ ಮಾತು ಒಪ್ಪಿದೆ. ಆದ್ರೆ ಎಲ್ಲವನ್ನೂ ಬಾಯಿಗಿಟ್ಟು ಕಲಿಸೋದು ಮೇಷ್ಟ್ರಾದವನಿಗೆ ಒಗ್ಗಲ್ಲಮ್ಮ. ತಾನೇ ತಡಕಾಡಿ ಹೆಕ್ಕಿದ ಉತ್ತರ ಮಗುವಿನಲ್ಲಿ ಉಳಿಯುತ್ತೆ, ನಾವು ಹೇಳಿಕೊಟ್ಟದ್ದು ಗಂಟೆ ಹೊಡೆಯೋ ಹೊತ್ತಿಗೆ ಹಾರಿಹೋಗುತ್ತೆ. ಗಾಯವಾದವರೆಲ್ಲ ಆ ಹೆನ್ರಿಯ ಹಾಗೆ ಪೂರ್ತಿ ಕಳಕೊಂಡವರೇನೂ ಅಲ್ಲವಲ್ಲ?

ತರುಣಿ: ಅಲ್ಲ, ಬಹಳ ಜನ ಅಲ್ಲ. ಮರೆವು ಅಲ್ಪವಾಗಿದ್ದವರಿಗೆ ನೀವು ಹೇಳಿದ್ದೇ ಸರಿ. ಅಮೆರಿಕದ ಪುನರ್ವಸತಿ ತಜ್ಞರು 2000ದಿಂದ ಈಚೆಗೆ ಕೆಲವು ಸಲ ಎಲ್ಲ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ತೂಗಿದ್ದಾರೆ. ಅವರ ತೀರ್ಮಾನವೂ ಹೆಚ್ಚುಕಮ್ಮಿ ಹೀಗೇ ಇದೆ: ತೊಂದರೆ ಸೌಮ್ಯವಾಗಿದ್ರೆ ಮನಸ್ಸಿನೊಳಗಿನ ಉಪಾಯಗಳು, ಅಂದ್ರೆ ಚಿತ್ರ ಕಲ್ಪಿಸಿಕೊಳ್ಳೋದು, ಕೊಂಡಿ ಹಾಕಿಕೊಳ್ಳೋದು ಕಲಿಸಬಹುದು, ತೀವ್ರವಾಗಿದ್ರೆ ಹೊರಗಿನ ಸಾಧನಗಳನ್ನ ಬಳಸೋದು ಕಲಿಸಬೇಕು. ಎರಡರ ನಡುವೆ ಇನ್ನೊಂದು ದಾರಿ ಇದೆ. ಹೆಸರೊಂದನ್ನ ಹೇಳಿಕೊಟ್ಟು ಅರ್ಧ ನಿಮಿಷಕ್ಕೆ ಕೇಳೋದು. ಬಂದ್ರೆ ಒಂದು ನಿಮಿಷ ಬಿಟ್ಟು, ಆಮೇಲೆ ಎರಡು, ನಾಲ್ಕು, ಎಂಟು. ತಪ್ಪಿದ್ರೆ ತಕ್ಷಣ ಹೇಳಿಕೊಟ್ಟು ಹಿಂದಿನ ಅಂತರಕ್ಕೆ ಬರೋದು. ತಡಕಾಟವೂ ಇರುತ್ತೆ, ತಪ್ಪೂ ಕಡಿಮೆ. ಮಗ್ಗಿ ಕಲಿಸಿದವರಿಗೆ ಇದನ್ನ ನಾನು ಹೇಳಿಕೊಡಬೇಕಾ?

ಮೇಷ್ಟ್ರು: ಬೆಣ್ಣೆ ಹಚ್ಚಬೇಡ. ನಾನೂ ಒಂದಿಷ್ಟು ಓದಿದ್ದೀನಿ. ರಷ್ಯಾದ ಲೂರಿಯಾ ಬರೆದ ಪುಸ್ತಕದಲ್ಲಿ ಒಬ್ಬ ಸೈನಿಕ ಬರ್ತಾನೆ, ಜಸೆಟ್ಸ್ಕಿ ಅಂತ. 1943ರಲ್ಲಿ ಸ್ಮೊಲೆನ್ಸ್ಕ್ ಹತ್ತಿರ ತಲೆಗೆ ಗುಂಡು ಬಿತ್ತು. ಓದೋದು ಹೋಯ್ತು, ಮಾತಿನ ಪದ ಹೋದವು, ನೆನಪು ಚೂರುಚೂರಾಯ್ತು. ಅವನು ಸುಮ್ಮನೆ ಕೂರಲಿಲ್ಲ. ಒಂದು ಪದ ಸಿಗೋಕೆ ಗಂಟೆಗಟ್ಟಲೆ ಕಾದು, ಇಡೀ ದಿನ ಕೂತು ಅರ್ಧ ಪುಟ ಬರೆದು, 25 ವರ್ಷದಲ್ಲಿ ಸುಮಾರು 3,000 ಪುಟ ಮಾಡಿದ. ಇದು ಛಲ. ನಿನ್ನ ಅಲಾರಂನಲ್ಲಿ ಈ ಛಲ ಇದೆಯಾ?

ತರುಣಿ: ಸರ್, ಆ 3,000 ಪುಟ ಏನು? ನೋಟ್‌ಬುಕ್ ತಾನೇ! ತಲೆಯಲ್ಲಿ ನಿಲ್ಲದ್ದನ್ನ ಅವರು ಕಾಗದದ ಮೇಲೆ ಹಿಡಿದಿಟ್ಟರು. ಅಷ್ಟು ಬರೆದರೂ ಗಾಯ ವಾಸಿಯಾಗಲಿಲ್ಲ, ತಾನು ಬರೆದದ್ದನ್ನ ಓದೋದೇ ಅವರಿಗೆ ಕಷ್ಟವಾಗಿತ್ತು. ಮತ್ತೆ, ಬರವಣಿಗೆ ಮರಳಿದ್ದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ಒಂದೊಂದೇ ಅಕ್ಷರ ಯೋಚಿಸಿ ಬರೆಯೋಕೆ ಹೋದಾಗ ಬರಲಿಲ್ಲ. ಯೋಚಿಸಬೇಡ, ಕೈಯೆತ್ತದೆ ಪೂರ್ತಿ ಪದ ಬರಿ ಅಂದಾಗ ಕೈ ತಾನೇ ಬರೆಯಿತು. ಹಳೆಯ ಅಭ್ಯಾಸ ಅಲ್ಲಿ ಸುರಕ್ಷಿತವಾಗಿತ್ತು.

ಮೇಷ್ಟ್ರು: ಆದ್ರೂ ದಿನಾ ಕೂತು ಬರೆಸಿದ್ದು ಛಲವೇ. ಅದನ್ನ ನಿನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಡ.

ಜಸೆಟ್ಸ್ಕಿಯನ್ನು ಇಬ್ಬರೂ ತಮ್ಮ ಪಕ್ಷಕ್ಕೆ ಎಳೆದುಕೊಳ್ಳುವುದು ಸಹಜ, ಏಕೆಂದರೆ ಅವನ ಬದುಕಿನಲ್ಲಿ ಶ್ರಮವನ್ನೂ ಸಾಧನವನ್ನೂ ಬೇರ್ಪಡಿಸಲಾಗದು. ಮೇಷ್ಟ್ರ ತಪ್ಪಿರುವುದು ಶ್ರಮದ ಗುರಿಯಲ್ಲಿ. ನೆನಪನ್ನು ಹಿಂದಿನಂತೆ ಮಾಡುತ್ತೇನೆಂದು ಪಟ್ಟ ಶ್ರಮ ಪದಗಳ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಅದೇ ಶ್ರಮವನ್ನು ನೋಟ್‌ಬುಕ್ ತೆರೆಯುವ ಅಭ್ಯಾಸಕ್ಕೆ ಹಾಕಿದರೆ ದಿನ ನಡೆಯುತ್ತದೆ. ಹೊರಗಿನ ಸಾಧನ ಮೈಗಳ್ಳತನ ಕಲಿಸುತ್ತದೆ ಎನ್ನುವ ಅವರ ಊರುಗೋಲಿನ ಆಕ್ಷೇಪಕ್ಕೆ ಪ್ರಯೋಗದಿಂದಲೇ ಉತ್ತರ ಹುಡುಕಬೇಕು. ಹುಡುಕಿದರೆ ಸಿಗುತ್ತದೆ, ಪೂರ್ತಿ ಅಲ್ಲ.

ತರುಣಿ: ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಎಂಜಿನಿಯರ್ ತಂದೆ, ತಲೆಗೆ ಪೆಟ್ಟಾದ ಮಗನಿಗಾಗಿ ಒಬ್ಬ ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಒಂದು ವ್ಯವಸ್ಥೆ ಮಾಡಿದರು. ಸೊಂಟಕ್ಕೆ ಸಿಕ್ಕಿಸೋ ಪೇಜರ್; ಹೊತ್ತುಹೊತ್ತಿಗೆ ‘ಮಾತ್ರೆ ತಗೋ’, ‘ಊಟದ ಡಬ್ಬಿ ಹಾಕು’ ಅಂತ ಸಂದೇಶ. ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ತಂಡ ಅದನ್ನ 143 ಜನರ ಮೇಲೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿತು. ಪ್ರಯೋಗ ಮುಗಿಸಿದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಪೇಜರ್ ಇದ್ದಾಗ ತಮ್ಮ ಕೆಲಸಗಳನ್ನ ಗಮನಾರ್ಹವಾಗಿ ಚೆನ್ನಾಗಿ ಮುಗಿಸಿದರು. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಪೇಜರ್ ವಾಪಸ್ ತಗೊಂಡ ಮೇಲೆ. ಅಪಘಾತದಿಂದ ಪೆಟ್ಟಾದವರಲ್ಲಿ ಆ ಪ್ರಯೋಜನ ಆಮೇಲೂ ಉಳೀತು, ಕೆಲಸ ಅಭ್ಯಾಸವಾಗಿತ್ತು. ಸಾಧನ ಅವರನ್ನ ಸೊರಗಿಸಲಿಲ್ಲ.

ಮೇಷ್ಟ್ರು: ಅಪಘಾತದವರಲ್ಲಿ ಅಂದೆ. ಉಳಿದವರಲ್ಲಿ?

ತರುಣಿ: ಸ್ಟ್ರೋಕ್ ಆಗಿ ನೆನಪು ಹೋದವರು ಪೇಜರ್ ಹೋದ ಮೇಲೆ ಮೊದಲಿನ ಸ್ಥಿತಿಗೇ ಇಳಿದರು. ಅವರಿಗೆ ಅದು ಬಹುಶಃ ಕಾಯಂ ಬೇಕು. ಕಾಯಂ ಬೇಕಾದ್ರೆ ಕಾಯಂ ಕೊಡೋಣ, ಅದರಲ್ಲಿ ಅವಮಾನ ಏನು?

ಮೇಷ್ಟ್ರು: ಅವಮಾನದ ಮಾತು ಆಮೇಲೆ. ಇಂಗ್ಲೆಂಡಿನದ್ದೇ ಇನ್ನೊಂದು ಪ್ರಯೋಗ ನೀನು ಹೇಳಲಿಲ್ಲ. 2019ರಲ್ಲಿ ಬಂತು. ತಲೆಗೆ ಪೆಟ್ಟಾದ 328 ಜನರಲ್ಲಿ ಅರ್ಧದಷ್ಟು ಮಂದಿಯನ್ನ ಗುಂಪು ಮಾಡಿ, ಹತ್ತು ವಾರ ನೆನಪಿನ ಉಪಾಯಗಳನ್ನೆಲ್ಲ ಕಲಿಸಿದರು. ನಿನ್ನ ಡೈರಿ, ಕ್ಯಾಲೆಂಡರ್ ಎಲ್ಲ ಅದರಲ್ಲಿತ್ತು. ಆರು ತಿಂಗಳ ನಂತರ ನೋಡಿದ್ರೆ, ದಿನನಿತ್ಯದ ಮರೆವು ಕಲಿತವರಲ್ಲೂ ಅಷ್ಟೇ, ಕಲಿಯದವರಲ್ಲೂ ಅಷ್ಟೇ. ಇದಕ್ಕೇನಂತೀ?

ತರುಣಿ: ನಿಜ. ನಮಗೆಲ್ಲ ಅದು ನಿರಾಸೆ ತಂದ ಫಲಿತಾಂಶ. ಒಂದು ಮಾತು ಸೇರಿಸ್ತೀನಿ: ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೆರಡು ಗುರಿ ಹಾಕಿಕೊಂಡಿದ್ರು, ಆ ಗುರಿಗಳನ್ನ ಮುಟ್ಟೋದರಲ್ಲಿ ಕಲಿತವರು ಮುಂದಿದ್ರು. ಒಟ್ಟಾರೆ ನೆನಪು ಸುಧಾರಿಸಲಿಲ್ಲ, ನಿರ್ದಿಷ್ಟ ಕೆಲಸ ಸುಧಾರಿಸಿತು. ನಾನು ಮೊದಲಿಂದ ಹೇಳ್ತಿರೋದೂ ಅದೇ. ಆದ್ರೆ ಹತ್ತು ಜನರನ್ನ ಕೂರಿಸಿ ಪಾಠ ಹೇಳಿದ್ರೆ ಸಾಲದು ಅನ್ನೋದು ಅದರಿಂದ ಗೊತ್ತಾಯ್ತು. ಅವರವರ ಮನೆಯಲ್ಲಿ, ಅವರವರ ಅಡುಗೆಮನೆಯಲ್ಲಿ ಮಾಡಿಸಬೇಕು.

ಮೇಷ್ಟ್ರು: ಸರಿ, ಮನೆಗೇ ಬರೋಣ. ನಿನ್ನ ನೋಟ್‌ಬುಕ್ ತೆರೆದು ತೋರಿಸು.

ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಂಗಡಿಯಲ್ಲಿ ಸಿಗುವ ದಪ್ಪ ರಟ್ಟಿನ ರೂಲ್ಡ್ ಪುಸ್ತಕ ಸಾಕು. ಚೀಟಿಗಳಲ್ಲಿ, ಅಂಗೈಯಲ್ಲಿ, ಹಳೇ ಲಕೋಟೆಯ ಹಿಂದೆ ಬರೆಯುವುದೆಲ್ಲ ಬಂದ್. ಎಲ್ಲವೂ ಈ ಒಂದರಲ್ಲೇ. ಅದಕ್ಕೆ ಒಂದೇ ಜಾಗ, ಹೊರಗೆ ಹೋಗುವಾಗ ಹೆಗಲಿಗೆ ಒಂದೇ ಚೀಲ. ಮೊದಲ ಪುಟದಲ್ಲಿ ಹೆಸರು, ಏನಾಗಿತ್ತು, ಯಾವ ಆಸ್ಪತ್ರೆ, ಯಾರಿಗೆ ಫೋನ್ ಮಾಡಬೇಕು. ಆಮೇಲೆ ದಿನಕ್ಕೊಂದು ಪುಟ: ಮೇಲೆ ತಾರೀಖು, ವಾರ, ಎಡಗಡೆ ಆಗಬೇಕಾದ್ದು, ಬಲಗಡೆ ಆದದ್ದು. ‘8 ಗಂಟೆ, ಫಿಟ್ಸ್ ಮಾತ್ರೆ’ ಎನ್ನುವುದರ ಎದುರು, ಮಾತ್ರೆ ಗಂಟಲಿಗಿಳಿದ ಮೇಲೆಯೇ ರೈಟ್ ಗುರುತು. ‘10:15, ಅಕ್ಕ ಫೋನ್ ಮಾಡಿದ್ದಳು, ಭಾನುವಾರ ಬರುತ್ತಾಳೆ’ ಎನ್ನುವುದು ಬಲಗಡೆಗೆ. ಅಕ್ಕ ಯಾವಾಗ ಬರುತ್ತಾಳೆ ಎಂಬ ಪ್ರಶ್ನೆ ಮತ್ತೆ ಮತ್ತೆ ಬಂದಾಗ ಮನೆಯವರು ಉತ್ತರ ಹೇಳುವುದಿಲ್ಲ, ರೇಗುವುದೂ ಇಲ್ಲ, ‘ಪುಸ್ತಕ ನೋಡೋಣ’ ಎನ್ನುತ್ತಾರೆ. ಉತ್ತರ ತನ್ನದೇ ಕೈಬರಹದಲ್ಲಿ ಸಿಕ್ಕಿದಾಗ ಅದಕ್ಕೆ ಬೇರೆಯೇ ತೂಕ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ತಾರೀಖು ಎಲ್ಲವನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಗೀಚಿಡುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ತಲೆ ಗಟ್ಟಿಯಿರುವ ಗೃಹಿಣಿ ಹಾಗೆ ಮಾಡಿದರೆ ಅಚ್ಚುಕಟ್ಟು, ಗಾಯಗೊಂಡವನು ಮಾಡಿದರೆ ಪಾಪ ಎನ್ನುವುದು ನಮ್ಮ ವಿಚಿತ್ರ ನ್ಯಾಯ.

ಮೇಷ್ಟ್ರು: ಪುಸ್ತಕ ಚೆನ್ನಾಗಿದೆ. ಪುಸ್ತಕ ಇದೆ ಅನ್ನೋದನ್ನ ನೆನಪಿಸೋರು ಯಾರು?

ತರುಣಿ: ಅಲ್ಲೇ ಅಲಾರಂ ಬೇಕಾಗೋದು. ಮೊದಲ ವಾರಗಳಲ್ಲಿ ಊಟ, ಕಾಫಿ, ಸ್ನಾನ ಆದ ಕೂಡಲೇ ಪುಸ್ತಕ ತೆರೆಯೋದು ಅಂತ ಜೋಡಿಸ್ತೀವಿ. ದಿನಾ ಅದೇ ಕುರ್ಚಿ, ಅದೇ ಹೊತ್ತು. ಯಾಕೆ ಅಂತ ತಿಳಿಯದಿದ್ರೂ ಕೈ ಅಲ್ಲಿಗೆ ಹೋಗೋದು ಶುರುವಾಗುತ್ತೆ.

ಮೇಷ್ಟ್ರು: ‘ನನಗೇನೂ ಆಗಿಲ್ಲ, ಪುಸ್ತಕ ಯಾಕೆ’ ಅಂದ್ರೆ? ಮರೆತಿದ್ದೇ ಮರೆತವನಿಗೆ ತಾನು ಮರೀತೀನಿ ಅಂತ ಹೇಗೆ ಗೊತ್ತಾಗಬೇಕು?

ತರುಣಿ: ಅದು ಅತಿ ಕಷ್ಟದ ಭಾಗ. ಅದು ಮೊಂಡುತನ ಅಲ್ಲ, ಅರಿವನ್ನೇ ಗಾಯ ತಿಂದಿರುತ್ತೆ. ವಾದ ಮಾಡಿ ಗೆಲ್ಲೋಕಾಗಲ್ಲ. ಇವತ್ತು ಏನೇನು ನೆನಪಿರುತ್ತೆ ಅಂತ ಬೆಳಿಗ್ಗೆ ಅವರಿಂದಲೇ ಬರೆಸಿ, ಸಂಜೆ ಒಟ್ಟಿಗೆ ನೋಡೋದು ಒಂದು ದಾರಿ. ಕೆಲವರಿಗೆ ಅರಿವು ನಿಧಾನಕ್ಕೆ ಬರುತ್ತೆ, ಬಂದಾಗ ದುಃಖವೂ ಬರುತ್ತೆ. ಕೆಲವರಿಗೆ ಬರೋದೇ ಇಲ್ಲ.

ಮೇಷ್ಟ್ರು: ಆಗ ಪುಸ್ತಕ ನಡೆಸೋದು ತಾಯಿ, ಇಲ್ಲ ಹೆಂಡತಿ. ನೀನು ನೆನಪನ್ನ ತಲೆಯಿಂದ ಕಾಗದಕ್ಕೆ ಸಾಗಿಸಿದೆ ಅಂತೀ. ನನಗೆ ಕಾಣೋದು, ಅವನ ತಲೆಯಿಂದ ಅವಳ ತಲೆಗೆ ಸಾಗಿಸಿದೆ ಅಂತ. ಗಂಡನ ಮಾತ್ರೆ, ಗಂಡನ ಸಿಟ್ಟು, ಮಕ್ಕಳ ಫೀಸು, ಬ್ಯಾಂಕಿನ ಕಂತು, ಇವೆಲ್ಲದರ ಜೊತೆ ಈಗ ಪುಸ್ತಕಾನೂ. ಅವಳಿಗೆ ಅಲಾರಂ ಇಡೋರು ಯಾರು?

ಮೇಷ್ಟ್ರ ಈ ಪ್ರಶ್ನೆಗೆ ತರುಣಿಯ ಬಳಿ ಪೂರ್ತಿ ಉತ್ತರವಿಲ್ಲ; ನಮ್ಮ ವ್ಯವಸ್ಥೆಯ ಬಳಿಯೂ ಇಲ್ಲ. ಹೊರಗಿನ ಸಾಧನಗಳ ಪರ ವಾದಿಸುವವರು ಒಪ್ಪಿಕೊಳ್ಳಬೇಕಾದ ಮಾತಿದು: ಸಾಧನ ತಾನಾಗಿ ನಡೆಯುವುದಿಲ್ಲ, ಆರಂಭದ ತಿಂಗಳುಗಳಲ್ಲಿ ಅದನ್ನು ಯಾರಾದರೂ ನಡೆಸಬೇಕು. ಆದರೆ ಇದರಿಂದ ಮೇಷ್ಟ್ರ ಮೂಲ ವಾದ ಗೆದ್ದಂತಾಗುವುದಿಲ್ಲ. ದಿನಕ್ಕೆರಡು ಗಂಟೆ ಪದಗಳ ಪಟ್ಟಿ ಒಪ್ಪಿಸಿಕೊಳ್ಳುವವಳೂ ಅದೇ ಹೆಂಡತಿ. ಆ ಶ್ರಮಕ್ಕೆ ಕೊನೆಗೆ ಸಿಗುವುದು ಪಟ್ಟಿ ಮಾತ್ರ. ಪುಸ್ತಕದ ದಾರಿಯಲ್ಲಿ ಹೊರೆ ಇಳಿಯುವ ಸಾಧ್ಯತೆಯಾದರೂ ಇದೆ. ನೂರು ಸಲ ಅದೇ ಪ್ರಶ್ನೆಗೆ ಉತ್ತರಿಸುವ ಬದಲು ಪುಸ್ತಕ ತೋರಿಸುವುದನ್ನು ಪಕ್ಕದ ಮನೆಯವರೂ ಮಾಡಬಲ್ಲರು, ಹತ್ತು ವರ್ಷದ ಮಗನೂ ಮಾಡಬಲ್ಲ.

ಮೇಷ್ಟ್ರು: ಮನೆಮದ್ದಿನ ಮಾತು ಬಿಟ್ಟೇಬಿಟ್ಟೆ. ಒಂದೆಲಗದ ತಂಬುಳಿ?

ತರುಣಿ: ಧಾರಾಳವಾಗಿ ಉಣ್ಣಲಿ, ಬೇಸಿಗೆಗೆ ತಂಪು. ನೆನಪು ಬರುತ್ತೆ ಅಂತ ಆಸ್ಪತ್ರೆಯ ಮಾತ್ರೆ ನಿಲ್ಲಿಸದಿದ್ರೆ ಸಾಕು. ನೆನಪು ಕದಿಯೋ ಬೇರೆ ಕಳ್ಳರಿದ್ದಾರೆ, ಅವರನ್ನ ಹಿಡೀಬೇಕು. ನಿದ್ದೆಗೆಡೋದು, ಕುಡಿತ, ಖಿನ್ನತೆ, ಬೇಗ ಬರೋ ಆಯಾಸ, ಕೆಲವು ಫಿಟ್ಸ್ ಮಾತ್ರೆಗಳ ಮಂಪರು. ಇವುಗಳಿಗೆ ಔಷಧ ಇದೆ, ಬದಲಾವಣೆ ಇದೆ. ಗಾಯಕ್ಕಿಂತ ಇವುಗಳಿಂದಲೇ ಮರೆವು ಹೆಚ್ಚಾಗಿರೋದೂ ಉಂಟು.

ಮೇಷ್ಟ್ರು: ಆರು ತಿಂಗಳಾಯ್ತು, ಇನ್ನು ಇಷ್ಟೇ ಅಂತ ಕೈಚೆಲ್ಲೋ ಡಾಕ್ಟರಿಗೆ ಏನಂತೀ?

ತರುಣಿ: ಸುಧಾರಣೆ ವೇಗವಾಗಿ ಆಗೋದು ಮೊದಲ ಆರು ತಿಂಗಳಲ್ಲಿ, ನಿಜ. ಆಮೇಲೆ ನಿಧಾನವಾಗುತ್ತೆ. ಎರಡು ವರ್ಷ ದಾಟಿದ ಮೇಲೂ ಬದಲಾವಣೆ ಕಂಡವರಿದ್ದಾರೆ. ಸಾಧನ ಬಳಸೋದನ್ನ ಕಲಿಯೋಕಂತೂ ತಡ ಅನ್ನೋದೇ ಇಲ್ಲ.

ಮೇಷ್ಟ್ರು: ಈಗ ಅವಮಾನದ ಮಾತಿಗೆ ಬರ್ತೀನಿ. ಬ್ಯಾಂಕಿನ ಕೌಂಟರಿನಲ್ಲಿ, ಸ್ಟಾಫ್ ರೂಮಿನಲ್ಲಿ ಮಾತುಮಾತಿಗೆ ಪುಸ್ತಕ ತೆಗೆಯೋನನ್ನ ಜನ ಹೇಗೆ ನೋಡ್ತಾರೆ ಅಂತ ನಿನಗೆ ಗೊತ್ತು. ನೀನು ಅವನ ದಿನ ಉಳಿಸ್ತೀಯ, ಕೆಲಸ ಉಳಿಸ್ತೀಯಾ?

ತರುಣಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ಸರ್ಕಾರಿ ಸಂಸ್ಥೆ ನೌಕರನನ್ನ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಆ ಕೆಲಸ ಆಗದಿದ್ರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಮೇಷ್ಟ್ರು: ಸರ್ಕಾರಿ ನೌಕರನಿಗೆ. ಗಾರೆ ಕೆಲಸದವನಿಗೆ? ಫುಡ್ ಡೆಲಿವರಿ ಹುಡುಗನಿಗೆ? ಅದೇ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ತಲೆಪೆಟ್ಟಿನ ಮರೆವು ಹೆಸರು ಹಿಡಿದು ಅದರಲ್ಲಿಲ್ಲ. ಕೈಕಾಲು ನೆಟ್ಟಗಿರೋನು ಸರ್ಟಿಫಿಕೇಟ್ ಕೇಳೋಕೆ ಹೋದ್ರೆ, ನಿನಗೇನಾಗಿದೆ ಅಂತ ವಾಪಸ್ ಕಳಿಸೋದೇ ಹೆಚ್ಚು.

ತರುಣಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಬರೆದ ವರದಿ ಇದ್ರೆ ಸ್ವಲ್ಪ ಬಲ ಬರುತ್ತೆ, ಅಷ್ಟೇ.

ಆ ವರದಿಯ ಮಾತನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನೆನಪು, ಗಮನ, ಯೋಚನೆಯ ವೇಗ ಇವುಗಳನ್ನು ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ಸಿಗುತ್ತದೆ, ನರರೋಗಿಗಳ ಪುನಶ್ಚೇತನಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ರಾಯಚೂರಿನವರಿಗೆ, ಚಾಮರಾಜನಗರದವರಿಗೆ ಪ್ರತಿ ವಾರ ಬೆಂಗಳೂರಿಗೆ ಬಾ ಎನ್ನುವುದು ಆಗದ ಮಾತು. ಆದರೆ ಒಂದು ಸಲ ಪರೀಕ್ಷೆ ಮಾಡಿಸಿ, ವರದಿ ಬರೆಸಿಕೊಂಡು, ಪುಸ್ತಕ ನಡೆಸುವುದನ್ನು ಮನೆಯ ಇಬ್ಬರಾದರೂ ಕಲಿತು ಬಂದರೆ ಉಳಿದದ್ದನ್ನು ಊರಿನಲ್ಲೇ ಮಾಡಬಹುದು. ಇಬ್ಬರು ಎಂದದ್ದು ಬೇಕೆಂದೇ, ಎಲ್ಲವೂ ಒಬ್ಬಳ ತಲೆಗೆ ಬೀಳಬಾರದು. ಆಸ್ಪತ್ರೆಗಳು ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಕ್ಯಾನ್, ಆಪರೇಷನ್, ಮಾತ್ರೆಗಳ ವಿವರ ಬರೆದು ಕೊಡುತ್ತವೆ. ನೆನಪಿನ ಬಗ್ಗೆ ಒಂದು ಸಾಲೂ ಇಲ್ಲದೆ ಕೈಗೆ ಬರುವುದೂ ಉಂಟು. ಬಿಲ್ಲು ಕಟ್ಟುವ ಮೊದಲು ವೈದ್ಯರನ್ನು ಕೇಳಿ: ಇವರ ನೆನಪಿನ ಪರೀಕ್ಷೆ ಯಾವಾಗ, ಎಲ್ಲಿ? ಗಾಡಿ ಓಡಿಸಬಹುದೇ, ಒಲೆಯ ಹತ್ತಿರ ಒಬ್ಬರನ್ನೇ ಬಿಡಬಹುದೇ, ಕೆಲಸಕ್ಕೆ ಯಾವಾಗ? ಉತ್ತರವನ್ನು ಬಾಯಲ್ಲಿ ಕೇಳಿ ಬರಬೇಡಿ, ಬರೆಸಿಕೊಳ್ಳಿ.